ಗಾಲಿಯ ಮೇಲೊಂದು ಮನೆ: ಗೌರಿಬಿದನೂರಿನಿಂದ ಚಿಂತಾಮಣಿಗೆ ಒಬ್ಬಂಟಿ ಪಯಣ

ವ್ಯಾಪಾರಕ್ಕೂ ದಾರಿಗೂ ಇರುವ ನಂಟು ಬಹು ಪ್ರಾಚೀನವಾದುದು. ಐಹೊಳೆಯ ಐನೂರ್ವರೆಂದು ಶಾಸನಗಳಲ್ಲಿ ಹೆಸರಾದ ವರ್ತಕ ಸಂಘದವರು ಸರಕು ಹೊತ್ತು ನಾಡಿನಿಂದ ನಾಡಿಗೆ ಸಂಚರಿಸಿದರು. ಅನಂತರದ ಶತಮಾನಗಳಲ್ಲಿ ಲಂಬಾಣಿಗಳು ಎತ್ತುಗಳ ಬೆನ್ನಿನ ಮೇಲೆ ಧಾನ್ಯ ಮತ್ತು ಉಪ್ಪನ್ನು ಹೇರಿಕೊಂಡು, ಸಂಸಾರವನ್ನೂ ಜೊತೆಯಲ್ಲಿಟ್ಟುಕೊಂಡು, ದಾರಿಯನ್ನೇ ಮನೆಯಾಗಿಸಿಕೊಂಡರು. ಇಂದು 'ಕ್ಯಾರವಾನ್' ಎಂಬ ಹೆಸರಿನಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿ ಮತ್ತು ಶೌಚಗೃಹಗಳನ್ನು ಅಳವಡಿಸಿದ ವಾಹನವು ನಮ್ಮ ರಸ್ತೆಗಳಿಗೆ ಬರುತ್ತಿದೆ. ಇದರಿಂದ ನಮ್ಮ ಸಣ್ಣ ತಯಾರಕರಿಗೂ ವರ್ತಕರಿಗೂ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆ ನನಗೆ ಬರಿಯ ಕುತೂಹಲದ್ದಾಗಿರಲಿಲ್ಲ. ಮೂವತ್ತೆಂಟು ವರ್ಷಗಳಿಂದ ನಾನು ವಿದ್ಯುತ್ ಪ್ಯಾನೆಲ್ ಬೋರ್ಡುಗಳನ್ನು ತಯಾರಿಸುವ ಸಣ್ಣ ಘಟಕವೊಂದನ್ನು ನಡೆಸಿಕೊಂಡು ಬಂದಿದ್ದೇನೆ. ವ್ಯಾನುಗಳನ್ನು ಕೊಂಡು, ಒಳಾಂಗಣ ಮಾರ್ಪಡಿಸಿ, ಬಾಡಿಗೆಗೆ ಬಿಡುವ ಉದ್ಯಮಕ್ಕೆ ಇಳಿಯಬೇಕೆಂದು ನನ್ನ ಅಣ್ಣನ ಮಗ ಒತ್ತಾಯಿಸುತ್ತಿದ್ದನು. ಬ್ಯಾಂಕಿನವರು ಘಟಕದ ಕಟ್ಟಡವನ್ನು ಆಧಾರವಾಗಿ ಪಡೆದು ಸಾಲ ಕೊಡಲು ಸಿದ್ಧರಿದ್ದರು. ಅರವತ್ತೆರಡರ ವಯಸ್ಸಿನಲ್ಲಿ ಆಧಾರಪತ್ರಕ್ಕೆ ಸಹಿ ಹಾಕುವ ಮುನ್ನ ಆ ವಾಹನದಲ್ಲಿ ಕೆಲವು ರಾತ್ರಿಗಳನ್ನಾದರೂ ಕಳೆಯುವುದು ಒಳಿತೆಂದು ನನಗೆ ತೋರಿತು. ಮಿತ್ರರೊಬ್ಬರು ಸ್ವಂತ ಬಳಕೆಗೆಂದು ಮಾಡಿಸಿಕೊಂಡಿದ್ದ ವ್ಯಾನನ್ನು ಕೊಟ್ಟರು. ಕಳೆದ ಧನುರ್ಮಾಸದಲ್ಲಿ ನಾನೊಬ್ಬನೇ ಆರು ಹಗಲು, ಐದು ರಾತ್ರಿಗಳ ಪ್ರವಾಸ ಕೈಗೊಂಡೆನು.

ದಾರಿಯ ಆಯ್ಕೆ

ಚಿಕ್ಕಬಳ್ಳಾಪುರ ಜಿಲ್ಲೆಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ರೂಪುಗೊಂಡ ಈ ಜಿಲ್ಲೆ ಬೆಂಗಳೂರಿಗೆ ಅತಿ ಸಮೀಪದಲ್ಲಿದೆ. ಹೊನ್ನಾವರದಿಂದ ಚಿತ್ತೂರಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 69 (ಹಿಂದಿನ 234) ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿಗಳನ್ನು ಒಂದೇ ದಾರದಲ್ಲಿ ಪೋಣಿಸಿದಂತೆ ಸಾಗುತ್ತದೆ. ಈ ನಾಲ್ಕು ಪಟ್ಟಣಗಳ ನಡುವಣ ಒಟ್ಟು ದೂರ ನೂರು ಕಿಲೋಮೀಟರಿಗಿಂತ ಕಡಿಮೆ. ಕಾರಿನಲ್ಲಿ ಹೋದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ದಾರಿ ಇದು. ರಾತ್ರಿ ತಂಗುವವನ ಕಣ್ಣಿಗೆ ಇದೇ ದಾರಿ ಹೇಗೆ ಕಾಣುತ್ತದೆಂಬುದನ್ನು ತಿಳಿಯುವುದೇ ನನ್ನ ಉದ್ದೇಶವಾಗಿತ್ತು.

ಸರ್ಕಾರದ ನೀತಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವುದು ಸೂಕ್ತ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು 2010ರಲ್ಲಿಯೇ ಕ್ಯಾರವಾನ್ ಮತ್ತು ಕ್ಯಾರವಾನ್ ತಂಗುದಾಣಗಳ ಕುರಿತು ನೀತಿಯೊಂದನ್ನು ಪ್ರಕಟಿಸಿತು. 2021ರಲ್ಲಿ ಕೇರಳವು 'ಕ್ಯಾರವಾನ್ ಕೇರಳ' ಎಂಬ ಯೋಜನೆಯನ್ನು ಆರಂಭಿಸಿತು. ಅದೇ ವರ್ಷ ಮಹಾರಾಷ್ಟ್ರವೂ ತನ್ನ ನೀತಿಯನ್ನು ಪ್ರಕಟಿಸಿತು. ಕರ್ನಾಟಕದ ಪ್ರವಾಸೋದ್ಯಮ ನೀತಿಯಲ್ಲಿಯೂ ಕ್ಯಾರವಾನ್ ಪ್ರವಾಸಕ್ಕೆ ಸ್ಥಾನ ದೊರೆತಿದೆ. ಕಾಗದದ ಮೇಲೆ ದಾರಿ ತೆರೆದಿದೆ. ನೆಲದ ಮೇಲಿನ ಸ್ಥಿತಿಯನ್ನು ಮುಂದೆ ನೋಡೋಣ.

ಮೊದಲ ರಾತ್ರಿ: ಗೌರಿಬಿದನೂರು

ದೊಡ್ಡಬಳ್ಳಾಪುರದ ದಾರಿಯಾಗಿ ಹೊರಟು ಮಧ್ಯಾಹ್ನದ ಹೊತ್ತಿಗೆ ಗೌರಿಬಿದನೂರನ್ನು ತಲುಪಿ, ಸಮೀಪದ ವಿದುರಾಶ್ವತ್ಥಕ್ಕೆ ಹೋದೆನು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಈ ನೆಲವನ್ನು ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಕರೆಯುವುದುಂಟು. ಸಾಲುಸಾಲಾಗಿ ನಿಂತ ನಾಗರಕಲ್ಲುಗಳನ್ನೂ ಹುತಾತ್ಮರ ಸ್ಮಾರಕವನ್ನೂ ಸಾವಧಾನವಾಗಿ ನೋಡಲು ನನಗೆ ಸಮಯವಿತ್ತು. ಬಸ್ಸಿಗೆ ಓಡಬೇಕಾದ ಅವಸರ ಇಲ್ಲದಿರುವುದೇ ಈ ಬಗೆಯ ಪ್ರವಾಸದ ಮೊದಲ ಸುಖ.

ಮೊದಲ ಕಷ್ಟ ಕತ್ತಲಾದ ಮೇಲೆ ಬಂದಿತು. ಹೆದ್ದಾರಿಯ ಪೆಟ್ರೋಲ್ ಬಂಕೊಂದರಲ್ಲಿ ಡೀಸೆಲ್ ತುಂಬಿಸಿ, ಅನುಮತಿ ಕೇಳಿ, ಮೂಲೆಯಲ್ಲಿ ವ್ಯಾನು ನಿಲ್ಲಿಸಿ ಮಲಗಿದ್ದೆನು. ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಪಾಳಿ ಬದಲಾಗಿ ಬೇರೊಬ್ಬ ಕಾವಲುಗಾರ ಬಂದಿದ್ದನು.

"ಸಾರ್, ರಾತ್ರಿ ಗಾಡಿ ಇಲ್ಲಿ ನಿಲ್ಲಿಸ್ಬೇಡಿ. ಯಾರಾದ್ರೂ ಬಂದು ನೋಡಿದ್ರೆ ನನ್ನ ಕೇಳ್ತಾರೆ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಒಬ್ಬನೇ ಮನುಷ್ಯ, ಪರದೆ ಎಳೆದ ವ್ಯಾನು, ಹೊರ ಊರಿನ ಮಾತು. ಅನುಮಾನ ಹುಟ್ಟಲು ಇಷ್ಟು ಸಾಕು. ಕುಟುಂಬ ಜೊತೆಯಲ್ಲಿದ್ದರೆ ಜನರು ಒಂದು ಬಗೆಯಲ್ಲಿ ನೋಡುತ್ತಾರೆ. ಒಬ್ಬಂಟಿಯನ್ನು ನೋಡುವ ಬಗೆ ಬೇರೆ. ಒಬ್ಬಂಟಿಯಾಗಿ ಹೊರಡುವ ಮಹಿಳೆಗೆ ಇದೇ ಪರಿಸ್ಥಿತಿ ಎಷ್ಟು ಕಠಿಣವಾದೀತೆಂದು ಆ ಕ್ಷಣದಲ್ಲಿ ಯೋಚಿಸಿದೆನು.

ಅಲ್ಲಿಂದ ಹೊರಟು ಎರಡು ಕಿಲೋಮೀಟರು ಸಾಗುವಷ್ಟರಲ್ಲಿ ದೀಪ ಉರಿಯುತ್ತಿದ್ದ ಕಲ್ಯಾಣ ಮಂಟಪವೊಂದು ಕಂಡಿತು. ಅದರ ಉಸ್ತುವಾರಿ ನೋಡಿಕೊಳ್ಳುವವರು ಹೊರಗೆ ಬೆಂಕಿ ಕಾಯಿಸುತ್ತ ಕುಳಿತಿದ್ದರು. ವಿಷಯ ತಿಳಿಸಿದೆನು.

"ಧನುರ್ಮಾಸ ಅಲ್ವಾ ಯಜಮಾನ್ರೇ, ಮದುವೆ ಎಲ್ಲಿ? ಖಾಲೀನೇ ಬಿದ್ದಿದೆ. ಒಳಗೆ ತಂದು ನಿಲ್ಲಿಸ್ಕೊಳ್ಳಿ" ಎಂದರು.

ಬೆಳಿಗ್ಗೆ ಎದ್ದು ಸುತ್ತ ನೋಡಿದಾಗ ನನಗೆ ಅಚ್ಚರಿಯಾಯಿತು. ವಿಶಾಲವಾದ ಅಂಗಳ, ಕಾಂಪೌಂಡ್ ಗೋಡೆ, ಕೊಳವೆಬಾವಿ, ಸ್ನಾನಗೃಹಗಳ ಸಾಲು, ದೊಡ್ಡ ಸೆಪ್ಟಿಕ್ ಗುಂಡಿ, ಜನರೇಟರ್, ರಾತ್ರಿ ಕಾವಲು. ವಿದೇಶಗಳಲ್ಲಿ ಕ್ಯಾರವಾನ್ ತಂಗುದಾಣಕ್ಕೆ ಏನೆಲ್ಲ ಬೇಕೆಂದು ಹೇಳುತ್ತಾರೋ ಅದರಲ್ಲಿ ಬಹುಪಾಲು ನಮ್ಮ ಕಲ್ಯಾಣ ಮಂಟಪಗಳಲ್ಲಿ ಆಗಲೇ ಇದೆ. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮುಹೂರ್ತಗಳಿಲ್ಲದೆ ಅವು ಬೀಗ ಹಾಕಿಕೊಂಡಿರುತ್ತವೆ. ವರ್ಷಾಂತ್ಯದ ರಜೆಯಲ್ಲಿ ಪ್ರವಾಸಿಗರ ದಟ್ಟಣೆ ಹೆಚ್ಚುವುದೂ ಇದೇ ಧನುರ್ಮಾಸದಲ್ಲಿ. ಅಂಗಳ ಬಳಸಿದ್ದಕ್ಕೆ ಮುನ್ನೂರು ರೂಪಾಯಿ ಕೊಟ್ಟೆನು. ಅವರಾಗಿ ಕೇಳಲಿಲ್ಲ, ಕೊಟ್ಟದ್ದನ್ನು ಬೇಡವೆನ್ನಲೂ ಇಲ್ಲ.

ಎರಡನೆಯ ರಾತ್ರಿ: ನಂದಿಯ ತಪ್ಪಲು

ಮಂಚೇನಹಳ್ಳಿಯ ಮೂಲಕ ಚಿಕ್ಕಬಳ್ಳಾಪುರದ ಕಡೆಗೆ ಬಂದು, ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವನ್ನು ನೋಡಿ, ಸಂಜೆ ಪರಿಚಿತ ರೈತರೊಬ್ಬರ ದ್ರಾಕ್ಷಿ ತೋಟದ ಬದುವಿನಲ್ಲಿ ವ್ಯಾನು ನಿಲ್ಲಿಸಿದೆನು. ನಂದಿ ಬೆಟ್ಟ ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಡಿಸೆಂಬರಿನಲ್ಲಿ ಅದರ ತಪ್ಪಲಿನ ಚಳಿ ಮೂಳೆಗೆ ಇಳಿಯುತ್ತದೆ. ಕಿಟಕಿಗಳನ್ನೆಲ್ಲ ಮುಚ್ಚಿ, ಸಣ್ಣ ಅನಿಲ ಒಲೆಯ ಮೇಲೆ ಅನ್ನ ಮತ್ತು ಸಾರು ಮಾಡಿಕೊಂಡೆನು. ಊಟವಾದ ಮೇಲೆ ಬೆಚ್ಚಗಿರಲೆಂದು ಒಲೆಯನ್ನು ಇನ್ನಷ್ಟು ಹೊತ್ತು ಉರಿಯಬಿಟ್ಟೆನು.

ಅರ್ಧ ಗಂಟೆಯಲ್ಲಿ ತಲೆ ಸಿಡಿಯತೊಡಗಿತು. ದಣಿವೆಂದು ಭಾವಿಸಿ ಮಲಗಲು ಹೊರಟವನು ಎದ್ದು ನಿಂತಾಗ ಕಾಲು ತಡವರಿಸಿತು. ಬಾಗಿಲು ತೆರೆದು ಹೊರಗೆ ಬಿದ್ದಂತೆ ಕುಳಿತು ಬಹಳ ಹೊತ್ತು ಗಾಳಿ ಸೇವಿಸಿದ ಮೇಲೆ ಚೇತರಿಸಿಕೊಂಡೆನು. ಬೆಳಿಗ್ಗೆ ಚಾವಣಿಯನ್ನು ಪರೀಕ್ಷಿಸಿದಾಗ ಕಾರಣ ತಿಳಿಯಿತು. ಗಾಳಿ ಹೋಗಲೆಂದು ಬಿಟ್ಟಿದ್ದ ಚಾವಣಿಯ ಕಿಂಡಿಯನ್ನು, ಒಳಾಂಗಣ ಮಾಡಿದವರು ಅಂದಕ್ಕಾಗಿ ಪ್ಲೈವುಡ್ ಹಲಗೆಯಿಂದ ಮುಚ್ಚಿಬಿಟ್ಟಿದ್ದರು. ಮುಚ್ಚಿದ ಜಾಗದಲ್ಲಿ ಆಮ್ಲಜನಕ ಸಾಲದೆ ಅನಿಲ ಉರಿದರೆ ಕಾರ್ಬನ್ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ತಲೆನೋವು ಮೊದಲ ಸೂಚನೆ. ಅನಂತರ ಬರುವುದು ನಿದ್ದೆಯಂಥ ಮಂಪರು. ನಾಲ್ವರಿದ್ದ ವಾಹನದಲ್ಲಾದರೆ ಯಾರಾದರೊಬ್ಬರು ಎಚ್ಚರಿಸಬಹುದು. ನನ್ನನ್ನು ಎಬ್ಬಿಸುವವರು ಅಲ್ಲಿ ಯಾರೂ ಇರಲಿಲ್ಲ.

ನಮ್ಮ ತಯಾರಕ ಮಿತ್ರರು ಗಮನಿಸಬೇಕಾದ ಅಂಶವಿದು. ವ್ಯಾನಿನ ಒಳಾಂಗಣವನ್ನು ಮನೆಯ ಒಳಾಂಗಣದಂತೆ ಭಾವಿಸುವ ಬಡಗಿ ಎಷ್ಟೇ ನಿಪುಣನಾದರೂ ಪ್ರಾಣಕ್ಕೆ ಅಪಾಯ ತಂದಾನು. ಮೇಲೊಂದು, ನೆಲದ ಬಳಿ ಒಂದು, ಮುಚ್ಚಲಾಗದ ಗಾಳಿಕಿಂಡಿಗಳಿರಬೇಕು. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲಿ ಸಂಗ್ರಹವಾಗುತ್ತದೆ; ಆದ್ದರಿಂದ ಸಿಲಿಂಡರಿನ ಗೂಡಿಗೆ ತಳದಲ್ಲಿ ಹೊರಕ್ಕೆ ತೆರೆದ ರಂಧ್ರವಿರಬೇಕು. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆಯ ಗಂಟೆಯೊಂದನ್ನು ಹಾಸಿಗೆಯ ಬಳಿ ಅಳವಡಿಸಬೇಕು.

ಕಾನೂನಿನ ತೊಡಕೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾಲೀಕನು ತನ್ನಿಚ್ಛೆಯಂತೆ ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಮೋಟಾರ್ ಕ್ಯಾರವಾನ್‌ಗಳ ಪ್ರಮಾಣೀಕರಣಕ್ಕೆಂದೇ ಎಐಎಸ್-124 ಎಂಬ ಮಾನಕವಿದೆ. ಪರೀಕ್ಷೆ, ಪ್ರಮಾಣಪತ್ರ ಮತ್ತು ಸಾರಿಗೆ ಕಚೇರಿಯ ಒಪ್ಪಿಗೆಗಳಿಲ್ಲದೆ ಷೆಡ್ಡಿನಲ್ಲಿ ಮಾರ್ಪಡಿಸಿದ ವಾಹನ ಅಪಘಾತಕ್ಕೀಡಾದರೆ ವಿಮೆಯ ಹಣಕ್ಕೂ ಕುತ್ತು ಬರಬಹುದು. ಸಾಲ ಮಾಡಿ ಈ ಉದ್ಯಮಕ್ಕೆ ಇಳಿಯುವವರು ಈ ವೆಚ್ಚವನ್ನೂ ವಿಳಂಬವನ್ನೂ ಲೆಕ್ಕದ ಮೊದಲ ಸಾಲಿನಲ್ಲಿಯೇ ಬರೆದುಕೊಳ್ಳಬೇಕು.

ನೀರು ಮತ್ತು ಬೆಳಕಿನ ಲೆಕ್ಕ

ವ್ಯಾನಿನ ತೊಟ್ಟಿಯಲ್ಲಿ ಎಂಬತ್ತು ಲೀಟರ್ ನೀರು ಹಿಡಿಯುತ್ತಿತ್ತು. ಒಬ್ಬ ಮನುಷ್ಯ ಮಿತವಾಗಿ ಬಳಸಿದರೆ ದಿನಕ್ಕೆ ಇಪ್ಪತ್ತು ಲೀಟರಿನಲ್ಲಿ ಬದುಕಬಹುದೆಂಬುದನ್ನು ಕಂಡುಕೊಂಡೆನು. ಅಂದರೆ ನಾಲ್ಕು ದಿನ. ದೊಡ್ಡ ತೊಟ್ಟಿ ಹಾಕಿದರಾಗದೇ ಎಂದರೆ, ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ಅದನ್ನು ಹೊತ್ತು ತಿರುಗಲು ಡೀಸೆಲ್ ಬೇಕು. ನದಿಯ ನೀರಿನ ಆಸರೆಯಿಲ್ಲದೆ ಆಳದ ಕೊಳವೆಬಾವಿಗಳನ್ನು ನೆಚ್ಚಿದ ಈ ಸೀಮೆಯಲ್ಲಿ ನೀರು ಕೇಳುವುದೇ ಸಂಕೋಚದ ವಿಷಯ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ನೀರನ್ನು ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಯೋಜನೆ ಬಂದುದೂ ಈ ಬರದ ಕಾರಣದಿಂದಲೇ. ಕುಡಿಯುವ ನೀರಿಗೆ ಮಾತ್ರ ನನಗೆ ತೊಂದರೆಯಾಗಲಿಲ್ಲ. ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡೆನು.

ವಿದ್ಯುತ್ತಿನ ಲೆಕ್ಕ ನನ್ನ ಕಸುಬಿಗೆ ಹತ್ತಿರವಾದುದು. ಒಬ್ಬ ಪ್ರವಾಸಿಗೆ ಸಣ್ಣ ಕಂಪ್ರೆಸರ್ ಫ್ರಿಜ್ಜಿಗೆ ದಿನಕ್ಕೆ ಸುಮಾರು 500 ವ್ಯಾಟ್‌ಗಂಟೆ, 28 ವ್ಯಾಟಿನ ಫ್ಯಾನು ಎಂಟು ಗಂಟೆ ತಿರುಗಿದರೆ 224, ದೀಪಕ್ಕೆ 50, ಕಂಪ್ಯೂಟರು ಮತ್ತು ದೂರವಾಣಿಗಳಿಗೆ 150. ಒಟ್ಟು 924 ವ್ಯಾಟ್‌ಗಂಟೆ ಬೇಕು. 12 ವೋಲ್ಟಿನ 100 ಆಂಪಿಯರ್‌ಗಂಟೆಯ ಬ್ಯಾಟರಿಯಲ್ಲಿ 1,200 ವ್ಯಾಟ್‌ಗಂಟೆ ಇರುತ್ತದೆ. ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಬಳಸಿದಷ್ಟೂ ಅದರ ಆಯುಷ್ಯ ಕುಗ್ಗುತ್ತದೆ. ಹಾಗಾಗಿ ದೊರೆಯುವುದು 600 ಮಾತ್ರ. ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿಯಾದರೆ ಶೇಕಡ 80ರಷ್ಟು, ಅಂದರೆ 960 ವ್ಯಾಟ್‌ಗಂಟೆ ಬಳಸಬಹುದು. ಚಾವಣಿಯ ಮೇಲಿನ 200 ವ್ಯಾಟಿನ ಸೌರಫಲಕವು ಒಳ್ಳೆಯ ಬಿಸಿಲಿನಲ್ಲಿ, ನಷ್ಟ ಕಳೆದು, 600ರಿಂದ 750ರವರೆಗೆ ಕೊಟ್ಟೀತು. ಅಂದರೆ ಪ್ರತಿದಿನ ಕೊರತೆ ಉಳಿದೇ ಉಳಿಯುತ್ತದೆ. ನಿಂತಲ್ಲೇ ನಿಂತರೆ ಮೂರು ನಾಲ್ಕು ದಿನಗಳಲ್ಲಿ ಬ್ಯಾಟರಿ ಬರಿದಾಗುತ್ತದೆ. ಹವಾನಿಯಂತ್ರಣ ಯಂತ್ರವನ್ನು ನಡೆಸುವುದಾದರೆ ಒಂದು ಗಂಟೆಯೊಳಗೆ ಎಲ್ಲ ಮುಗಿಯುತ್ತದೆ. ಆದುದರಿಂದ ಎಂಥ ದುಬಾರಿಯ ಕ್ಯಾರವಾನ್ ಆದರೂ ಕೊನೆಗೆ ಯಾರದೋ ಅಂಗಳದ 15 ಆಂಪಿಯರ್ ಸಾಕೆಟ್ಟಿನ ಮುಂದೆ ಬಂದು ನಿಲ್ಲಲೇಬೇಕು.

ಮೂರನೆಯ ರಾತ್ರಿ: ಚಿಕ್ಕಬಳ್ಳಾಪುರ

ಮರುದಿನ ಬೆಳಗಿನ ಜಾವ ಬೆಟ್ಟದ ರಸ್ತೆಯಲ್ಲಿ ಕಂಡ ದೃಶ್ಯ ನಮ್ಮ ವರ್ತಕರು ಯೋಚಿಸಬೇಕಾದುದು. ಸೂರ್ಯೋದಯ ನೋಡಲು ಬೆಂಗಳೂರಿನಿಂದ ಬಂದ ಕಾರು, ಬೈಕುಗಳ ಸಾಲು ಕತ್ತಲಲ್ಲಿಯೇ ಬೆಳೆದಿತ್ತು. ಹತ್ತು ಗಂಟೆಯ ಹೊತ್ತಿಗೆ ಅದೇ ಸಾಲು ಹಿಂತಿರುಗುತ್ತಿತ್ತು. ಅವರಲ್ಲಿ ಬಹುಪಾಲು ಜನ ಜಿಲ್ಲೆಯಲ್ಲಿ ಬಿಟ್ಟುಹೋಗುವುದು ಒಂದು ಕಾಫಿ ಮತ್ತು ಒಂದು ತಿಂಡಿಯ ಹಣವನ್ನಷ್ಟೆ. ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಸಮಾಧಿಗಾಗಲಿ, ರಂಗಸ್ಥಳದ ದೇವಾಲಯಕ್ಕಾಗಲಿ, ಪಟ್ಟಣದ ಹೂವಿನ ಮಾರುಕಟ್ಟೆಗಾಗಲಿ ಅವರು ಬರುವುದು ಅಪರೂಪ. ರಾತ್ರಿ ತಂಗಿದವನಿಗೆ ಸಂಜೆಯೂ ಇದೆ, ಮರುದಿನದ ಬೆಳಗೂ ಇದೆ. ಅವನು ತರಕಾರಿ ಕೊಳ್ಳುತ್ತಾನೆ, ಬಟ್ಟೆ ಒಗೆಸುತ್ತಾನೆ, ಕೆಟ್ಟುಹೋದ ಸ್ವಿಚ್ಚಿಗೆ ಅಂಗಡಿ ಹುಡುಕುತ್ತಾನೆ.

ಆ ರಾತ್ರಿ ವಸತಿಗೃಹವೊಂದರ ಹಿತ್ತಲಿನಲ್ಲಿ ನಿಲ್ಲಲು ಸ್ಥಳ ದೊರೆಯಿತು. ಆದರೆ ಶೌಚದ ತೊಟ್ಟಿಯನ್ನು ಎಲ್ಲಿ ಖಾಲಿ ಮಾಡಲೆಂದು ಕೇಳಿದಾಗ ವ್ಯವಸ್ಥಾಪಕರ ಮುಖ ಬದಲಾಯಿತು. ಹದಿನೆಂಟು ಲೀಟರಿನ ಆ ತೊಟ್ಟಿಯನ್ನು ಪೆಟ್ಟಿಗೆಯಂತೆ ಹೊರಗೆಳೆದು ಒಯ್ಯಬಹುದು ಎಂಬುದನ್ನು ತೋರಿಸಿದ ಮೇಲೆ, ಸೆಪ್ಟಿಕ್ ಗುಂಡಿಯ ಮುಚ್ಚಳ ತೆಗೆಸಿಕೊಟ್ಟರು. ಇದು ನಾಚಿಕೆಪಟ್ಟು ಮುಚ್ಚಿಡುವ ವಿಷಯವಲ್ಲ. ವಿಲೇವಾರಿಗೆ ನಿಗದಿತ ಸ್ಥಳವಿಲ್ಲದಿದ್ದರೆ ಆ ಹೊಲಸು ಕೆರೆಯ ಅಂಗಳಕ್ಕೋ ರಸ್ತೆಯ ಮೋರಿಗೋ ಸೇರುತ್ತದೆ. ಊರಿನವರು ಎರಡನೆಯ ವ್ಯಾನನ್ನು ಒಳಗೆ ಬಿಡುವುದಿಲ್ಲ. ತೊಟ್ಟಿಗೆ ಹಾಕುವ ಫಾರ್ಮಾಲ್ಡಿಹೈಡ್ ಬಗೆಯ ರಾಸಾಯನಿಕಗಳು ಸೆಪ್ಟಿಕ್ ಗುಂಡಿಯ ಉಪಕಾರಿ ಜೀವಾಣುಗಳನ್ನು ಕೊಲ್ಲುತ್ತವೆ ಎಂಬುದನ್ನೂ ತಂಗುದಾಣ ನಡೆಸುವವರು ಅರಿತಿರಬೇಕು.

ನಾಲ್ಕನೆಯ ರಾತ್ರಿ: ಶಿಡ್ಲಘಟ್ಟ

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ನಮ್ಮ ಓದುಗರಿಗೆ ಪರಿಚಿತವಾದುದೇ. ವಿದ್ಯುನ್ಮಾನ ತೂಕ ಮತ್ತು ಹರಾಜು ಬಂದ ಮೇಲೆ ಅಲ್ಲಿನ ವ್ಯವಹಾರದ ರೀತಿ ಬದಲಾಗಿದೆ. ಆದರೆ ಗೂಡಿನ ಸ್ವಭಾವ ಬದಲಾಗಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡುವ ಮುನ್ನ ಅದು ಮಾರಾಟವಾಗಿ ಬಿಸಿಗೆ ಹೋಗಲೇಬೇಕು. ಬೆಳೆಗಾರನಿಗೆ ನಾಳೆ, ನಾಡಿದ್ದು ಎಂಬ ಆಯ್ಕೆಯಿಲ್ಲ.

ಮಾರುಕಟ್ಟೆಯ ಸಮೀಪ, ನೂಲು ಬಿಚ್ಚುವ ಘಟಕವೊಂದರ ಮಾಲೀಕರು ತಮ್ಮ ಅಂಗಳದಲ್ಲಿ ನಿಲ್ಲಲು ಬಿಟ್ಟರು. ಹಣ ತೆಗೆದುಕೊಳ್ಳಲಿಲ್ಲ. "ಮೆಹಮಾನ್ ಬಂದ್ರೆ ಬಾಡಿಗೆ ಕೇಳ್ತಾರಾ ಸಾಬ್?" ಎಂದು ನಕ್ಕರು. ರಾತ್ರಿ ಗೂಡಿನ ಚೀಲಗಳೊಡನೆ ಬಂದ ಬೆಳೆಗಾರರೊಬ್ಬರು ವ್ಯಾನಿನ ದೀಪ ಕಂಡು ಹತ್ತಿರ ಬಂದರು. ಒಳಗಿನ ಹಾಸಿಗೆ, ಒಲೆಗಳನ್ನು ನೋಡಿ, "ಗಾಡೀಲೇ ಸಂಸಾರ ಹೂಡಿದ್ದೀರಲ್ಲಾ ಅಣ್ಣಾ!" ಎಂದು ಬೆರಗಾದರು. ಅವರು ಆ ರಾತ್ರಿ ಮಲಗಿದ್ದು ತಮ್ಮ ಚೀಲಗಳಿಗೆ ಒರಗಿಕೊಂಡು, ಹೆಗಲ ಮೇಲಿನ ಟವೆಲನ್ನೇ ಹೊದ್ದುಕೊಂಡು. ಬೆಳಿಗ್ಗೆ ಮುಖ ತೊಳೆಯಲು ಬಿಸಿನೀರು ಕೊಟ್ಟಾಗ ಅವರು ಕೇಳಿದ ಪ್ರಶ್ನೆ ನನ್ನ ಯೋಚನೆಯ ದಿಕ್ಕನ್ನೇ ತಿರುಗಿಸಿತು.

"ಇಂಥಾ ಸ್ನಾನದ ನೀರು, ಒಂದು ಸೊಳ್ಳೆ ಕಡಿಯದ ಜಾಗ, ಚಾರ್ಜಿಗೆ ಹಾಕೋ ಪ್ಲಗ್ಗು. ಐವತ್ತು ನೂರು ಅಂದ್ರೂ ನಾವು ಕೊಡ್ತೀವಿ. ಯಾರು ಮಾಡಿದಾರೆ ಹೇಳಿ?"

ಐದನೆಯ ರಾತ್ರಿ: ಚಿಂತಾಮಣಿ

ಚಿಂತಾಮಣಿಯಲ್ಲಿ ಆ ಪ್ರಶ್ನೆಗೆ ಇನ್ನಷ್ಟು ಪುಷ್ಟಿ ದೊರೆಯಿತು. ಹಗಲಿನಲ್ಲಿ ಕೈವಾರಕ್ಕೂ ಕೈಲಾಸಗಿರಿಗೂ ಹೋಗಿ ಬಂದೆನು. ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುವ ಮುರುಗಮಲ್ಲದ ದರ್ಗಾ ಇದೇ ತಾಲ್ಲೂಕಿನಲ್ಲಿದೆ. ಸಂಜೆ ಟೊಮೆಟೊ ಲಾರಿಗಳು ಸಾಲುಗಟ್ಟಿ ನಿಂತಿದ್ದ ಖಾಲಿ ಜಾಗದಲ್ಲಿ, ಅದರ ಮಾಲೀಕರಿಗೆ ಮುನ್ನೂರು ರೂಪಾಯಿ ಕೊಟ್ಟು, ನನ್ನ ವ್ಯಾನನ್ನೂ ನಿಲ್ಲಿಸಿದೆನು.

ಪಕ್ಕದ ಲಾರಿಯ ಚಾಲಕರು ನನಗಿಂತ ಇಪ್ಪತ್ತು ವರ್ಷ ಕಿರಿಯರು. ರಸ್ತೆಯ ಮೇಲಿನ ಬದುಕಿನಲ್ಲಿ ನನ್ನ ಗುರುಗಳು. ಈಗ ಕ್ಲೀನರುಗಳು ಸಿಗುವುದಿಲ್ಲವಾದ್ದರಿಂದ ಅವರೂ ಒಬ್ಬರೇ ಓಡಾಡುತ್ತಾರೆ. ವಾಹನವನ್ನು ಯಾವಾಗಲೂ ಮೂತಿ ರಸ್ತೆಯ ಕಡೆಗಿರುವಂತೆ ನಿಲ್ಲಿಸಬೇಕು, ಎದ್ದ ಕೂಡಲೇ ಹೊರಡಲು ಬರುವಂತಿರಬೇಕು. ತಲುಪಿದ ಊರಿನ ಹೆಸರನ್ನು ಪ್ರತಿ ರಾತ್ರಿ ಒಬ್ಬರಿಗಾದರೂ ತಿಳಿಸಿರಬೇಕು. ಹಣವನ್ನು ಒಂದೇ ಕಡೆ ಇಡಬಾರದು. ಬೆಳಕಿಲ್ಲದ ಕಡೆ ಪಂಕ್ಚರಿಗೆಂದು ಇಳಿಯಬಾರದು. ಮರುದಿನ ಬೆಳಿಗ್ಗೆ ನನ್ನ ಹಿಂದಿನ ಚಕ್ರದಲ್ಲಿ ಮೊಳೆ ಕಂಡುಹಿಡಿದವರೂ ಅವರೇ.

ಕ್ಯಾರವಾನ್ ಪ್ರವಾಸಿಗೆ ಬೇಕಾದುದೆಲ್ಲವೂ ಈ ಚಾಲಕರಿಗೆ ಬೇಕು; ಶಿಡ್ಲಘಟ್ಟದ ಬೆಳೆಗಾರರಿಗೆ ಬೇಕು; ಮುರುಗಮಲ್ಲಕ್ಕೂ ಕೈವಾರಕ್ಕೂ ವ್ಯಾನು ಮಾಡಿಕೊಂಡು ಬರುವ ಭಕ್ತರಿಗೆ ಬೇಕು. ಬೆಳಕಿರುವ ಅಂಗಳ, ಕಾವಲು, ನೀರು, ಶೌಚ, ಒಂದು ಸಾಕೆಟ್ಟು. ಕ್ಯಾರವಾನುಗಳು ಎಂದೋ ಬಂದಾವೆಂದು ಕಾಯುವ ಅಗತ್ಯವಿಲ್ಲ. ಗಿರಾಕಿಗಳು ಇಂದೇ ರಸ್ತೆಯ ಮೇಲಿದ್ದಾರೆ.

ಹೊರನಾಡಿನ ಎರಡು ಪಾಠಗಳು

ಹಿಂದಿರುಗಿದ ಮೇಲೆ ಈ ಉದ್ಯಮದ ಚರಿತ್ರೆಯನ್ನು ಸ್ವಲ್ಪ ಓದಿದೆನು. ವಿಹಾರಕ್ಕೆಂದೇ ಮಾಡಿಸಿದ ಮೊದಲ ಕ್ಯಾರವಾನ್ ಎಂದು ಹೇಳಲಾಗುವ 'ವಾಂಡರರ್' 1885ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತಯಾರಾಯಿತು. ಅದರ ಒಡೆಯ ಗಾರ್ಡನ್ ಸ್ಟೇಬಲ್ಸ್ ಕುದುರೆಗಳನ್ನು ಹೂಡಿ, ಆಳುಗಳೊಡನೆ ಸಂಚರಿಸಿದ. ನಮಗೆ ಹೆಚ್ಚು ಹತ್ತಿರವಾದುದು ಜರ್ಮನಿಯ ಕಥೆ. ಇಸ್ನಿ ಎಂಬ ಪಟ್ಟಣದಲ್ಲಿ ಚಾಟಿ ಮತ್ತು ಸ್ಕೀ ಕೋಲುಗಳನ್ನು ತಯಾರಿಸುವ ಕುಟುಂಬದ ಆರಿಸ್ಟ್ ಡೆತ್‌ಲೆಫ್ಸ್, ಮಾರಾಟಕ್ಕಾಗಿ ಊರೂರು ತಿರುಗಬೇಕಾಗಿತ್ತು. ಭಾವೀ ಪತ್ನಿಯನ್ನು ಜೊತೆಗೆ ಕರೆದೊಯ್ಯಲೆಂದು 1931ರಲ್ಲಿ ಅವರು ಗಾಲಿಯ ಮೇಲಿನ ಮನೆಯೊಂದನ್ನು ಕಟ್ಟಿದರು. ಚಾಟಿಯ ಕಾರ್ಖಾನೆ ಕಾಲಕ್ರಮದಲ್ಲಿ ಕ್ಯಾರವಾನ್ ಕಾರ್ಖಾನೆಯಾಯಿತು. ಸಂಚಾರಿ ವ್ಯಾಪಾರಿಯ ಸ್ವಂತ ಅಗತ್ಯದಿಂದಲೇ ಅಲ್ಲಿ ಉದ್ಯಮವೊಂದು ಹುಟ್ಟಿತು.

ಇನ್ನೊಂದು ಪಾಠ ಅಮೆರಿಕದ ಎಲ್ಖಾರ್ಟ್ ಪಟ್ಟಣದ್ದು. ಕ್ಯಾರವಾನ್ ತಯಾರಿಕೆಗೆ ಹೆಸರಾದ ಆ ಊರಿನಲ್ಲಿ ಬಹಳ ಮಂದಿ ಅದೊಂದೇ ಕಸುಬನ್ನು ನೆಚ್ಚಿದ್ದರು. 2008–09ರ ಆರ್ಥಿಕ ಹಿಂಜರಿತದಲ್ಲಿ ಜನರು ಮೊದಲು ಕೈಬಿಟ್ಟದ್ದು ಇಂಥ ವಿಹಾರದ ಖರ್ಚುಗಳನ್ನು. ಅಲ್ಲಿನ ನಿರುದ್ಯೋಗ ಇಡೀ ದೇಶದ ಗಮನ ಸೆಳೆಯುವಷ್ಟು ಏರಿತು. ಸುಗ್ಗಿಯಲ್ಲಿ ಸಾಲ ಮಾಡಿ ಒಂದೇ ಸರಕಿನ ಮೇಲೆ ನಿಂತವರ ಗತಿ ಅದು.

ಲೆಕ್ಕ ಮತ್ತು ತೀರ್ಮಾನ

ಐದು ರಾತ್ರಿಗಳ ಖರ್ಚಿನ ಪುಸ್ತಕ ನನ್ನ ಮುಂದಿದೆ. ತಂಗಲು 1,400 ರೂಪಾಯಿ, ಊಟ ಮತ್ತು ದಿನಸಿಗೆ 2,350, ವಿದ್ಯುತ್ ಸಾಮಾನಿಗೆ 620, ಬಟ್ಟೆ ಒಗೆಸಲು 180, ಪಂಕ್ಚರಿಗೆ 150, ಕುಡಿಯುವ ನೀರಿಗೆ 40. ಡೀಸೆಲ್ ಬಿಟ್ಟು ಒಟ್ಟು 4,740 ರೂಪಾಯಿ. ಮೊತ್ತ ದೊಡ್ಡದಲ್ಲ. ಆದರೆ ಅದಷ್ಟೂ ನಾಲ್ಕು ಪಟ್ಟಣಗಳ ಸಣ್ಣ ಅಂಗಡಿಗಳಲ್ಲಿಯೇ ಹಂಚಿಹೋಯಿತು.

ಅಣ್ಣನ ಮಗನನ್ನು ಕೂರಿಸಿಕೊಂಡು ಈ ಪುಸ್ತಕವನ್ನು ತೋರಿಸಿದೆನು. ವ್ಯಾನುಗಳಿಗೆಂದು ಸಾಲ ಮಾಡುವುದಿಲ್ಲವೆಂದು ತಿಳಿಸಿದೆನು. ಅವನಿಗೆ ಬೇಸರವಾಯಿತು. ಆದರೆ ನಮ್ಮ ಘಟಕಕ್ಕೆ ತಿಳಿದ ಕೆಲಸವೊಂದು ಇದರಲ್ಲಿದೆ. ಅಂಗಳದಲ್ಲಿ ನೆಡಬಹುದಾದ ಸೊಂಟದೆತ್ತರದ ಒಂದು ಉಕ್ಕಿನ ಕಂಬ. ಅದರಲ್ಲಿ ಮಳೆನೀರು ನುಸುಳದ ಪೆಟ್ಟಿಗೆ, 15 ಆಂಪಿಯರಿನ ಎರಡು ಸಾಕೆಟ್ಟು, ಎಂಸಿಬಿ, ಮನುಷ್ಯರನ್ನು ಆಘಾತದಿಂದ ಕಾಪಾಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಬಳಕೆಯನ್ನು ತೋರಿಸುವ ಮೀಟರ್, ಒಂದು ದೀಪ. ಬೆನ್ನ ಕಡೆ ಬೇರೆ ಕೊಳವೆಯಲ್ಲಿ ನೀರಿನ ನಲ್ಲಿ. ಸರಿಯಾದ ಭೂಸಂಪರ್ಕವಿಲ್ಲದೆ ಇದನ್ನು ನೆಡಬಾರದು. ಮೊದಲ ಎರಡು ಕಂಬಗಳು ಸಿದ್ಧವಾಗಿವೆ. ಗೌರಿಬಿದನೂರಿನ ಅದೇ ಕಲ್ಯಾಣ ಮಂಟಪದವರು ಒಂದನ್ನು ಪ್ರಯೋಗಾರ್ಥವಾಗಿ ನೆಡಲು ಒಪ್ಪಿದ್ದಾರೆ. ಮದುವೆಯ ದಿನಗಳಲ್ಲಿ ಅಡುಗೆಯವರ ಗ್ರೈಂಡರಿಗೂ ಅದು ಉಪಯೋಗಕ್ಕೆ ಬರುತ್ತದೆಂಬುದು ಅವರ ಲೆಕ್ಕ.

ಇತರ ಸದಸ್ಯರಿಗೂ ಇದರಲ್ಲಿ ಅವಕಾಶವಿದೆ. ರೇಷ್ಮೆ ನೂಲು ಬಿಚ್ಚುವ ಯಂತ್ರಗಳಿಗೆ ಸ್ಟೀಲ್ ತೊಟ್ಟಿಗಳನ್ನು ಬೆಸೆಯುವ ಕೈಗಳು ವ್ಯಾನಿನ ನೀರಿನ ತೊಟ್ಟಿಯನ್ನೂ ಬೆಸೆಯಬಲ್ಲವು. ಅಕ್ಕಿ ಗಿರಣಿ, ಶೀತಲಗೃಹ, ತೂಕದ ಸೇತುವೆಗಳ ಮಾಲೀಕರಲ್ಲಿ ರಾತ್ರಿ ಖಾಲಿ ಬೀಳುವ ಅಂಗಳಗಳಿವೆ. ನಾಲ್ಕು ಪಟ್ಟಣಗಳ ವರ್ತಕರ ಸಂಘಗಳು ಸೇರಿ ಪಟ್ಟಣಕ್ಕೆ ಒಂದೊಂದು ಅಂಗಳವನ್ನು ಗುರುತಿಸಿ, ಒಂದೇ ಬಗೆಯ ಫಲಕ ಹಾಕಿ, ದರ ಬರೆದು, ತಂಗುವವರ ಗುರುತಿನ ಚೀಟಿಯನ್ನು ದಾಖಲಿಸಿ ಸ್ಥಳೀಯ ಪೊಲೀಸ್ ಠಾಣೆಗೆ ತಿಳಿಸುವ ಕ್ರಮ ಮಾಡಿದರೆ, ಹನ್ನೊಂದು ಗಂಟೆಗೆ ಬಾಗಿಲು ತಟ್ಟುವ ಕಾವಲುಗಾರನ ಭಯವೂ ಒಳಗೆ ಮಲಗಿದವನ ಭಯವೂ ತೀರುತ್ತದೆ.

ಹೊರಡುವ ಮುನ್ನ ವ್ಯಾನನ್ನು ಮಿತ್ರರಿಗೆ ಹಿಂದಿರುಗಿಸುವಾಗ ಚಾವಣಿಯ ಪ್ಲೈವುಡ್ ಹಲಗೆಯನ್ನು ನಾನೇ ಕಿತ್ತು, ಕಿಂಡಿಗೆ ಸೊಳ್ಳೆಪರದೆಯ ಜಾಲರಿ ಹಾಕಿಸಿಕೊಟ್ಟೆನು. ಈ ವಿಷಯದಲ್ಲಿ ಆಸಕ್ತಿಯುಳ್ಳ ಸದಸ್ಯರು, ವಿಶೇಷವಾಗಿ ಅಂಗಳವುಳ್ಳವರು, ತಮ್ಮ ಅಭಿಪ್ರಾಯಗಳನ್ನು ಪತ್ರಿಕೆಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ.